ಮಳೆಗೆ ಮೊದಲೇ ಚಿಗುರುವ ಕಾಡು

ಫಾಲ್ಗುಣ ಮುಗಿಯುತ್ತ ಬಂದ ಬೆಳಗು, ಗಂಟೆ ಆರೂವರೆ. ತುಮಕೂರಿನಿಂದ ದೇವರಾಯನದುರ್ಗಕ್ಕೆ ಹೋಗುವ ರಸ್ತೆ ಕಾಡು ಹೊಕ್ಕೊಡನೆ ಗಾಳಿಗೆ ತಂಪು ಬರುತ್ತದೆ. ಇಕ್ಕೆಲದಲ್ಲೂ ಪಾದ ಮುಳುಗುವಷ್ಟು ತರಗೆಲೆ. ಮರಗಳ ಕೊಂಬೆಗಳು ಬೋಳಾಗಿ, ಮಳೆಗಾಲದಲ್ಲಿ ಮುಚ್ಚಿಹೋಗಿದ್ದ ಬಂಡೆಗಳೂ ಆಚೆಯ ಗುಡ್ಡದ ಅಂಚೂ ಬಿಚ್ಚಿ ಕಾಣುತ್ತವೆ. ಆ ಬೋಳು ಮರಗಳ ನಡುವೆ ಒಂದು ಮುತ್ತುಗ. ಅದಕ್ಕೂ ಒಂದೆಲೆಯಿಲ್ಲ, ಆದರೆ ಕೊಂಬೆ ಕೊಂಬೆಯೂ ಕೇಸರಿ ಹೂ. ಮೇಲೆ ಗೊರವಂಕಗಳ ಗಲಾಟೆ, ನಡುವೆ ಒಂದು ಕಾಜಾಣ, ಕೆಳಗಿನ ಕೊಂಬೆಯಲ್ಲಿ ಅಳಿಲು.

ಬೈಕು, ಕಾರುಗಳಲ್ಲಿ ಬಂದವರು ನಾಮದ ಚಿಲುಮೆಗೋ ಬೆಟ್ಟದ ಮೇಲಿನ ದೇವಸ್ಥಾನಕ್ಕೋ ಹೊರಟುಹೋಗುತ್ತಾರೆ. ಕ್ಯಾಮೆರಾ ಹೆಗಲಿಗೆ ಹಾಕಿಕೊಂಡ ಒಬ್ಬಿಬ್ಬರು ಇಳಿದು ನಿಲ್ಲುತ್ತಾರೆ. ನಿಂತವರಿಗೆ ಒಂದು ಪ್ರಶ್ನೆ ಏಳಲೇಬೇಕು. ಹಿಂಗಾರು ಮುಗಿದು ತಿಂಗಳುಗಳೇ ಆದವು. ಕೆರೆಗಳ ಅಂಚು ಬಿರುಕುಬಿಟ್ಟಿದೆ. ಮುಂಗಾರು ಬರಲು ಇನ್ನೂ ಎರಡು ತಿಂಗಳಿಗೂ ಹೆಚ್ಚು ಕಾಯಬೇಕು. ನೀರೇ ಇಲ್ಲದ ಈ ಹೊತ್ತಿನಲ್ಲಿ ಮರಗಳು ಹೂ ಬಿಡುವುದು, ಅದರ ಬೆನ್ನಿಗೇ ಚಿಗುರುವುದು ಹೇಗೆ?

ಯುಗಾದಿಗೆ ಮಾವು ಬೇವು ಚಿಗುರುವುದನ್ನು ನಾವೆಲ್ಲ ನೋಡಿದ್ದೇವೆ. ಯಾಕೆ ಎಂದು ಕೇಳಿಕೊಂಡವರು ಕಡಿಮೆ. ಈ ಪ್ರಶ್ನೆಯನ್ನು ಜೇಬಿನಲ್ಲಿಟ್ಟುಕೊಂಡು, ಕೈಯಲ್ಲೊಂದು ಕ್ಯಾಮೆರಾ ಹಿಡಿದು ಒಂದು ಹಗಲು ನಿಧಾನವಾಗಿ ನಡೆದರೆ ಬಯಲುಸೀಮೆಯ ಕುರುಚಲು ಕಾಡು ತನ್ನ ಲೆಕ್ಕಾಚಾರವನ್ನೆಲ್ಲ ತೆರೆದಿಡುತ್ತದೆ.

ನೀರು ಎಲ್ಲಿಂದ ಬಂತು?

ಉತ್ತರದ ಮೊದಲ ಸುಳಿವು ನಾಮದ ಚಿಲುಮೆಯಲ್ಲೇ ಇದೆ. ವನವಾಸದಲ್ಲಿದ್ದ ರಾಮನಿಗೆ ಹಣೆಗೆ ನಾಮವಿಡಲು ನೀರು ಸಿಗಲಿಲ್ಲವಂತೆ. ಬಂಡೆಗೆ ಬಾಣ ಬಿಟ್ಟಾಗ ನೀರು ಚಿಮ್ಮಿತಂತೆ. ಐತಿಹ್ಯ ಏನೇ ಇರಲಿ, ಬಂಡೆಯಲ್ಲಿನ ಪುಟ್ಟ ಕುಳಿಯಿಂದ ಬೇಸಿಗೆಯಲ್ಲೂ ನೀರು ಬರುತ್ತಿರುವುದು ಕಣ್ಣೆದುರಿಗಿದೆ. ಸಮುದ್ರಮಟ್ಟದಿಂದ ಸುಮಾರು 1,200 ಮೀಟರ್ ಎತ್ತರದ ಈ ಬೆಟ್ಟಸಾಲಿನಲ್ಲೇ ಎರಡು ನದಿಗಳು ಹುಟ್ಟುತ್ತವೆ. ಜಯಮಂಗಲಿ ಉತ್ತರಕ್ಕೆ ಹರಿದು ಉತ್ತರ ಪಿನಾಕಿನಿಯನ್ನು ಸೇರಿದರೆ, ಶಿಂಷಾ ದಕ್ಷಿಣಕ್ಕೆ ತಿರುಗಿ ಕಾವೇರಿ ಸೇರುತ್ತದೆ.

ಮಳೆಗಾಲದಲ್ಲಿ ಬಿದ್ದ ನೀರು ಕಲ್ಲಿನ ಬಿರುಕು, ಶಿಥಿಲವಾದ ಕಲ್ಲುಮಣ್ಣಿನ ಪದರಗಳಲ್ಲಿ ಇಳಿದು ನಿಲ್ಲುತ್ತದೆ. ಮೇಲ್ಮಣ್ಣು ಒಣಗಿ ಪುಡಿಯಾದರೂ ಆಳಕ್ಕೆ ಬೇರಿಳಿಸಿದ ಮರಕ್ಕೆ ಅಲ್ಲಿ ಸ್ವಲ್ಪ ಪಸೆ ಸಿಗುತ್ತದೆ. ಆ ಸ್ವಲ್ಪ ನೀರು ತುಂಬು ಎಲೆಗಳಿರುವ ಮರಕ್ಕೆ ಸಾಲದು. ಎಲೆಗಳ ಸೂಕ್ಷ್ಮ ರಂಧ್ರಗಳಿಂದ ಅದು ಹಗಲಿಡೀ ಆವಿಯಾಗಿ ಹೋಗುತ್ತದೆ. ಹಾಗಾಗಿ ಮರ ಮೊದಲು ಎಲೆಯನ್ನೇ ಬಿಟ್ಟುಕೊಡುತ್ತದೆ. ಉದುರಿಸುವ ಮುಂಚೆ ಎಲೆಯಲ್ಲಿದ್ದ ಸಾರಜನಕದಂಥ ಪೋಷಕಾಂಶಗಳ ಒಳ್ಳೆಯ ಪಾಲನ್ನು ಕೊಂಬೆಗೆ ಹಿಂದಕ್ಕೆ ಎಳೆದುಕೊಳ್ಳುತ್ತದೆ.

ಎಲೆ ಉದುರಿದ ಮೇಲೆ ಖರ್ಚು ನಿಂತಿತು. ಬೇರು ಹನಿಹನಿಯಾಗಿ ಎಳೆದ ನೀರು ಈಗ ಕಾಂಡದಲ್ಲಿ, ಕೊಂಬೆಗಳಲ್ಲಿ ಉಳಿಯತೊಡಗುತ್ತದೆ. ಬೂರುಗ, ಅರಿಶಿನ ಬೂರುಗಗಳಂಥ ಮೆದು ಮರಗಳು ಕಾಂಡದಲ್ಲೇ ಸಾಕಷ್ಟು ನೀರು ತುಂಬಿಟ್ಟುಕೊಳ್ಳುತ್ತವೆ. ನಾವು ಬೋಳು ಮರ ಎಂದು ನೋಡಿ ಮುಂದೆ ಹೋಗುವ ಆ ವಾರಗಳಲ್ಲಿ ಮರ ಒಳಗೊಳಗೇ ತುಂಬಿಕೊಳ್ಳುತ್ತಿರುತ್ತದೆ.

ಹಗಲು ಉದ್ದವಾದ ಸುದ್ದಿ

ನೀರು ತುಂಬಿಕೊಂಡ ಮರಕ್ಕೆ ಇನ್ನೊಂದು ಸೂಚನೆ ಬೇಕು: ಈಗ ಹೊರಡು ಎಂದು ಹೇಳುವ ಸೂಚನೆ. ಮಳೆಯನ್ನು ನೆಚ್ಚಿ ಕೂರುವಂತಿಲ್ಲ. ಒಂದು ವರ್ಷ ರೇವತಿ, ಅಶ್ವಿನಿ ಮಳೆ ಬಂದೀತು, ಮರುವರ್ಷ ಭರಣಿಯೂ ಕೈಕೊಟ್ಟೀತು. ತಪ್ಪದೆ ಬರುವುದು ಸೂರ್ಯನ ಲೆಕ್ಕ ಮಾತ್ರ.

ತುಮಕೂರಿನ ಅಕ್ಷಾಂಶದಲ್ಲಿ ಡಿಸೆಂಬರ್ ಕೊನೆಗಿಂತ ಮಾರ್ಚ್ ಕೊನೆಗೆ ಹಗಲು ಸುಮಾರು 50 ನಿಮಿಷ ಹೆಚ್ಚಾಗಿರುತ್ತದೆ. ನಮಗೆ ಅದು ಅಷ್ಟಾಗಿ ಗೊತ್ತಾಗದು. ಮರಗಳಿಗೆ ಗೊತ್ತಾಗುತ್ತದೆ. ಏಷ್ಯಾದ ಮಾನ್ಸೂನ್ ಕಾಡುಗಳನ್ನು ಅಧ್ಯಯನ ಮಾಡಿದ ಸಸ್ಯವಿಜ್ಞಾನಿಗಳು ಹೇಳುವುದೂ ಇದನ್ನೇ: ಇಲ್ಲಿನ ಅನೇಕ ಮರಗಳು ಮಳೆಗೆ ಕಾಯದೆ, ಹಗಲು ಬೆಳೆಯುತ್ತಿರುವ ಸುಳಿವು ಹಿಡಿದು ವರ್ಷ ವರ್ಷವೂ ಹೆಚ್ಚುಕಡಿಮೆ ಅದೇ ಹೊತ್ತಿಗೆ ಚಿಗುರುತ್ತವೆ. ಮಳೆ ಬೀಳುವಷ್ಟರಲ್ಲಿ ಎಲೆ ಬಲಿತು ಸಿದ್ಧವಾಗಿದ್ದರೆ ಮಳೆಗಾಲದ ಒಂದು ದಿನವೂ ವ್ಯರ್ಥವಾಗದು. ಮುಂಗಾರಿಗೆ ಮೊದಲೇ ಹೊಲ ಹಸನು ಮಾಡಿಟ್ಟುಕೊಳ್ಳುವ ರೈತನ ಜಾಣ್ಮೆಯೇ ಇದೂ.

ಇನ್ನೊಂದು ಲಾಭವೂ ಇದೆ. ಎಳೆಯ ಎಲೆ ಎಂದರೆ ಹುಳುಗಳಿಗೆ ಪ್ರಾಣ. ಮಳೆ ಬಿದ್ದ ಮೇಲೆ ಎಲೆ ತಿನ್ನುವ ಕೀಟಗಳ ದಂಡೇ ಏಳುತ್ತದೆ. ಭಾರತೀಯ ವಿಜ್ಞಾನ ಸಂಸ್ಥೆಯ ಕೆ.ಎಸ್. ಮುರಳಿ ಮತ್ತು ಆರ್. ಸುಕುಮಾರ್ ಬಂಡೀಪುರದ ನೆರೆಯ ಮುದುಮಲೆ ಕಾಡಿನಲ್ಲಿ ಇದನ್ನು ಪರಿಶೀಲಿಸಿ 1993ರಲ್ಲಿ ಪ್ರಕಟಿಸಿದರು. ಮಳೆಗೆ ಮುನ್ನ, ಒಣ ತಿಂಗಳುಗಳಲ್ಲೇ ಚಿಗುರಿದ ಮರಗಳ ಎಲೆಗೆ ಕೀಟಗಳಿಂದಾದ ಹಾನಿ ಕಡಿಮೆ. ಮಳೆಗಾಲದಲ್ಲಿ ಚಿಗುರಿದವಕ್ಕೆ ಹೆಚ್ಚು. ಹುಳು ಏಳುವ ಹೊತ್ತಿಗೆ ಎಲೆ ಗಟ್ಟಿಯಾಗಿರಬೇಕು ಎಂಬುದು ಮರದ ಹಿಕಮತ್ತು.

ತಳಿರೇಕೆ ಕೆಂಪು?

ಬಿಸಿಲೇರುವ ಮುಂಚೆ ಒಂದು ಅರಳಿಮರದ ಕೆಳಗೆ ನಿಂತು ಮೇಲೆ ನೋಡಿ. ಹಳೆಯ ಎಲೆ ಉದುರಿ ಹೊಸದು ಬಂದಿರುತ್ತದೆ. ಒಂದೊಂದು ಎಲೆಯೂ ತಾಮ್ರಕ್ಕೆ ಗುಲಾಬಿ ಬೆರೆಸಿದ ಬಣ್ಣ, ಇನ್ನೂ ಬಿಗಿಯಿಲ್ಲದೆ ಜೋಲುಬಿದ್ದಿರುತ್ತದೆ. ಸೂರ್ಯ ಎಲೆಯ ಹಿಂದೆ ಬರುವಂತೆ ನಿಂತರೆ ನರಗಳ ಜಾಲವೆಲ್ಲ ಎದ್ದು ಕಾಣುತ್ತದೆ. ಸಾಗಡೆ ಮರವಾದರೆ ಇನ್ನೂ ಗಾಢ. ದೂರದಿಂದ ಹೂವೇ ಬಿಟ್ಟಿದೆ ಎಂದುಕೊಳ್ಳಬೇಕು, ಹತ್ತಿರ ಹೋದರೆ ಅದೆಲ್ಲ ಕೆಂದಳಿರು.

ಈ ಕೆಂಪು ಆಂಥೋಸಯಾನಿನ್ ಎಂಬ ವರ್ಣದ್ರವ್ಯದ್ದು. ಎಳೆಯ ಎಲೆಗೆ ಹಸಿರು ತುಂಬುವುದು ನಿಧಾನ. ಅಡುಗೆಮನೆ ಇನ್ನೂ ಸಜ್ಜಾಗದ ಆ ದಿನಗಳಲ್ಲಿ ಬೇಸಿಗೆಯ ಪ್ರಖರ ಬೆಳಕು ಬಿದ್ದರೆ ಮೆತ್ತನೆಯ ಅಂಗಾಂಶ ಸುಟ್ಟುಹೋದೀತು. ಕೆಂಪು ಬಣ್ಣ ಆ ಬೆಳಕಿನ ಒಂದು ಪಾಲನ್ನು ತಡೆಯುತ್ತದೆ. ಎಲೆ ತಿನ್ನುವ ಕೀಟಗಳನ್ನೂ ಇದು ದೂರವಿಡುತ್ತದೆ ಎಂಬ ವಾದವಿದೆ. ಎಲೆ ಬಲಿತು ಹಸಿರು ತುಂಬಿದಂತೆ ಕೆಂಪು ಕರಗುತ್ತದೆ. ಹಾಗಾಗಿ ಒಂದು ಮರದ ಕೆಂದಳಿರು ನಮಗೆ ಸಿಗುವುದು ಕೆಲವೇ ದಿನ.

ಹೂವಿಗೆ ಬರುವವರು

ಎಲೆಯಿಲ್ಲದ ಮರದ ಹೂ ದೂರಕ್ಕೆ ಕಾಣುತ್ತದೆ, ಹಕ್ಕಿಗೆ ಕೂರಲು ಅಡ್ಡಿಯಿಲ್ಲ. ಸುತ್ತ ಬೇರೆ ಆಹಾರ, ನೀರು ಕಡಿಮೆಯಾದ ಕಾಲದಲ್ಲಿ ಮಕರಂದವಿರುವ ಮರಕ್ಕೆ ಗಿರಾಕಿಗಳ ಕೊರತೆಯಿಲ್ಲ. ಬೂರುಗದ ಹೂ ಅಂಗೈಯಗಲ. ದಪ್ಪ ಕೆಂಪು ದಳಗಳ ನಡುವೆ ಕೇಸರಗಳ ಗೊಂಚಲು. ಹಗಲು ಹಕ್ಕಿ, ಅಳಿಲು, ಕೋತಿಗಳು ಬಂದರೆ ರಾತ್ರಿ ಬಾವಲಿಗಳು. ಉದುರಿದ ಹೂವನ್ನು ಜಿಂಕೆಗಳು ತಿನ್ನುತ್ತವೆ. ಬಂಡೆಗುಡ್ಡಗಳ ಮೇಲೆ ಎಲೆಯಿಲ್ಲದ ಕೊಂಬೆಯ ತುದಿಯಲ್ಲಿ ಹಳದಿ ಹೂವರಳಿಸುವ ಅರಿಶಿನ ಬೂರುಗಕ್ಕೆ ಮರ ಕೊರೆಯುವ ಕಪ್ಪು ದುಂಬಿ ಬರುತ್ತದೆ.

ಮುತ್ತುಗದ ಒಂದು ಹೂವನ್ನು ಕೈಯಲ್ಲಿ ಹಿಡಿದು ನೋಡಬೇಕು. ಕೀಳುವುದು ಬೇಡ, ಬುಡದಲ್ಲಿ ಬೇಕಾದಷ್ಟು ಬಿದ್ದಿರುತ್ತವೆ. ಕೆಳಗೆ ಕಪ್ಪುಗಂದು ಮಖಮಲ್ಲಿನಂಥ ಪುಷ್ಪಪಾತ್ರೆ. ಅದರಿಂದ ಹೊರಟ ದಳಗಳ ಮೇಲೆಲ್ಲ ಬೆಳ್ಳಿಯ ನವಿರು ರೋಮ. ಗಿಳಿಯ ಕೊಕ್ಕಿನಂತೆ ಬಾಗಿದ ದಳದೊಳಗೆ ಕೇಸರ, ಶಲಾಕೆ ಎರಡೂ ಅಡಗಿರುತ್ತವೆ. ಬುಡದಲ್ಲಿರುವ ಮಕರಂದಕ್ಕೆ ಹಕ್ಕಿ ಕೊಕ್ಕು ತೂರಿಸಿದಾಗ ದಳ ಒತ್ತಿಹೋಗಿ ಒಳಗಿನ ಪರಾಗ ಅದರ ಮೈಗೆ ತಾಗುತ್ತದೆ.

ಬಂದವರೆಲ್ಲ ಹೂವಿಗೆ ಉಪಕಾರ ಮಾಡುವುದಿಲ್ಲ. ದೆಹಲಿ ವಿಶ್ವವಿದ್ಯಾಲಯದ ರಾಜೇಶ್ ಟಂಡನ್, ಕೆ.ಆರ್. ಶಿವಣ್ಣ ಮತ್ತು ಮೈಸೂರು ಮೂಲದ ಎಚ್.ವೈ. ಮೋಹನ್ ರಾಮ್ 2003ರಲ್ಲಿ ಪ್ರಕಟಿಸಿದ ಅಧ್ಯಯನದ ಪ್ರಕಾರ ಮುತ್ತುಗಕ್ಕೆ ಹಲವು ಜಾತಿಯ ಹಕ್ಕಿಗಳು ಬಂದರೂ, ಅವುಗಳಲ್ಲಿ ನಿಜವಾಗಿ ಪರಾಗಸ್ಪರ್ಶ ಮಾಡಿಸುತ್ತಿದ್ದುದು ಕಪ್ಪು-ನೇರಳೆ ಮೈಯ ಪುಟ್ಟ ಸೂರಕ್ಕಿ. ಅದರ ಜೊತೆಗೆ ಕೆಲಸ ಮಾಡುತ್ತಿದ್ದುದು ಮೂರು ಪಟ್ಟೆಯ ಅಳಿಲು. ಮರದಡಿ ಅರ್ಧ ಗಂಟೆ ಕೂತು, ಯಾರು ಹೂವಿನೊಳಗೆ ತಲೆ ಹಾಕಿದರು, ಯಾರು ಬರಿದೇ ದಳ ಹರಿದುಹೋದರು ಎಂದು ನೋಡಿದರೆ ಈ ಮಾತನ್ನು ಯಾರು ಬೇಕಾದರೂ ಪರೀಕ್ಷಿಸಬಹುದು.

ಎರಡು ಕಿಲೋಮೀಟರ್ ಸಾಕು

ಚಾರಣ ಎಂದರೆ ತುದಿ ಮುಟ್ಟುವುದು ಎಂಬ ಅಭಿಪ್ರಾಯ ನಮ್ಮಲ್ಲಿ ಬೇರೂರಿದೆ. ಇಷ್ಟು ಕಿಲೋಮೀಟರ್, ಇಷ್ಟು ಗಂಟೆ, ತುದಿಯಲ್ಲೊಂದು ಸೆಲ್ಫಿ. ವಸಂತದ ಕಾಡಿಗೆ ಈ ಲೆಕ್ಕ ಒಗ್ಗುವುದಿಲ್ಲ. ಇಡೀ ದಿನಕ್ಕೆ ಎರಡು ಮೂರು ಕಿಲೋಮೀಟರ್ ನಡೆದರೆ ಹೆಚ್ಚಾಯಿತು. ನಡೆದಷ್ಟು ಹೊತ್ತೂ ಹಕ್ಕಿ ನಮ್ಮಿಂದ ಮುಂದೆ ಮುಂದೆ ಹಾರುತ್ತಿರುತ್ತದೆ. ಕೂತಾಗ ಮರಳುತ್ತದೆ.

ಕನ್ನಡ ನಾಡಿನ ವನ್ಯಜೀವಿ ಛಾಯಾಗ್ರಹಣದ ಹಿರಿಯರು ಕಲಿಸಿದ್ದೂ ಇದನ್ನೇ. ಬೆಂಗಳೂರಿನ ಟಿ.ಎನ್.ಎ. ಪೆರುಮಾಳ್, ಸಂಡೂರಿನ ಎಂ.ವೈ. ಘೋರ್ಪಡೆ ಅವರು ಕೆಲಸ ಮಾಡಿದ್ದು ಒಂದು ರೋಲಿಗೆ 36 ಚಿತ್ರ ಮಾತ್ರ ಸಿಗುತ್ತಿದ್ದ ಫಿಲ್ಮಿನ ಕಾಲದಲ್ಲಿ. ಘೋರ್ಪಡೆಯವರ ಕಪ್ಪುಬಿಳುಪು ಚಿತ್ರಗಳಲ್ಲಿ ಪ್ರಾಣಿಯಷ್ಟೇ ಗಮನ ಸುತ್ತಲಿನ ಬೆಳಕು ನೆರಳಿಗೂ ಇದೆ. ಮೂಡಿಗೆರೆಯ ತೋಟದಲ್ಲಿ ಪೂರ್ಣಚಂದ್ರ ತೇಜಸ್ವಿಯವರು ಹಕ್ಕಿಗಳ ಚಿತ್ರಕ್ಕಾಗಿ ವರ್ಷಗಟ್ಟಲೆ ಕಾದರು. ಮನೆಯ ಸುತ್ತಲಿನ ಕಾಡೇ ಅವರಿಗೆ ಸಾಕಾಯಿತು. ಇಂದು ಮೊಬೈಲಿನಲ್ಲಿ ಲೆಕ್ಕವಿಲ್ಲದಷ್ಟು ಚಿತ್ರ ತೆಗೆಯಬಹುದು. ಒಂದೇ ಜಾಗದಲ್ಲಿ ಕೂತು ನೋಡುವ ಅಭ್ಯಾಸವನ್ನು ಮಾತ್ರ ನಾವೇ ಬೆಳೆಸಿಕೊಳ್ಳಬೇಕು.

ಬೆಳಕು, ಹಿನ್ನೆಲೆ, ಎತ್ತರ

ಮಾರ್ಚ್, ಏಪ್ರಿಲ್‌ನಲ್ಲಿ ಒಳ್ಳೆಯ ಬೆಳಕು ಬೆಳಿಗ್ಗೆ ಆರೂವರೆಯಿಂದ ಒಂಬತ್ತರವರೆಗೆ. ಮತ್ತೆ ಸಂಜೆ ನಾಲ್ಕೂವರೆಯ ನಂತರ. ನಡುವಿನ ಬಿಸಿಲಿನಲ್ಲಿ ನೆರಳು ಕಡುಕಪ್ಪು, ಬಂಡೆ ಬೆಳ್ಳಬಿಳುಪು. ಆ ಹೊತ್ತು ಬುತ್ತಿ ಬಿಚ್ಚುವುದಕ್ಕೆ, ನೆರಳಿನಲ್ಲಿ ಕೂತು ತೊಗಟೆಗಳನ್ನು ನೋಡುವುದಕ್ಕೆ ಸರಿ. ಬೂರುಗದ ಎಳೆಯ ಕಾಂಡದ ಮೊನಚು ಮುಳ್ಳು, ದಿಂಡಿಗದ ನುಣುಪು ಬೂದು ತೊಗಟೆ ಎಲೆಯ ಮರೆಯಿಲ್ಲದ ಈ ಕಾಲದಲ್ಲೇ ಚೆನ್ನಾಗಿ ಸಿಗುವುದು.

ಕೇಸರಿ, ಕೆಂಪು ಹೂಗಳು ಕ್ಯಾಮೆರಾವನ್ನು ಸುಲಭವಾಗಿ ದಾರಿ ತಪ್ಪಿಸುತ್ತವೆ. ನೇರ ಬಿಸಿಲಿನಲ್ಲಿ ತೆಗೆದ ಮುತ್ತುಗದ ಚಿತ್ರದಲ್ಲಿ ದಳದ ಮಡಿಕೆ, ರೋಮ ಎಲ್ಲ ಅಳಿಸಿಹೋಗಿ ಬಣ್ಣದ ಮುದ್ದೆ ಮಾತ್ರ ಉಳಿಯುತ್ತದೆ. ಮೊಬೈಲಾದರೆ ಪರದೆಯ ಮೇಲೆ ಹೂವನ್ನು ಮುಟ್ಟಿ, ಪಕ್ಕದಲ್ಲಿ ಬರುವ ಸೂರ್ಯನ ಗುರುತನ್ನು ಸ್ವಲ್ಪ ಕೆಳಗೆಳೆಯಿರಿ. ಚಿತ್ರ ತುಸು ಕಪ್ಪಾದಂತೆ ಕಂಡರೂ ದಳದ ಗೆರೆಗಳು ಮರಳುತ್ತವೆ. ಆಕಾಶವನ್ನು ಹಿನ್ನೆಲೆಯಾಗಿಟ್ಟರೆ ಹೂ ಕರಿನೆರಳಾಗುತ್ತದೆ. ಎರಡು ಹೆಜ್ಜೆ ಸರಿದು ಗುಡ್ಡದ ನೆರಳೋ ಕಪ್ಪು ಕಾಂಡವೋ ಹಿಂದೆ ಬರುವಂತೆ ನಿಂತರೆ ಅದೇ ಹೂ ಬೆಳಗುತ್ತದೆ.

ಕಣ್ಣಿನ ಎತ್ತರವೂ ಮುಖ್ಯ. ನಿಂತು ಕೆಳಮುಖವಾಗಿ ತೆಗೆದ ಇರುವೆ, ಚಿಟ್ಟೆ, ಓತಿಯ ಚಿತ್ರಗಳಲ್ಲಿ ಬೆನ್ನು ಮಾತ್ರ ಕಾಣುತ್ತದೆ. ಮಂಡಿಯೂರಿ ಅವುಗಳ ಮಟ್ಟಕ್ಕೆ ಇಳಿದರೆ ಅವು ಬದುಕುವ ಜಗತ್ತೂ ಚಿತ್ರದೊಳಗೆ ಬರುತ್ತದೆ. ಕೂರುವ ಮುನ್ನ ತರಗೆಲೆಯನ್ನು ಕೋಲಿನಿಂದ ಸರಿಸಿ ನೋಡಿಕೊಳ್ಳಬೇಕು. ಅದರಡಿ ಹಾವು ಚೇಳುಗಳಿರಬಹುದು.

ಬಂಡೆಯ ಮೇಲಿನ ಬಣ್ಣ

ಬೇಸಿಗೆ ಏರುತ್ತಿದ್ದಂತೆ ಬಂಡೆಗಳ ಮೇಲೆ ಇನ್ನೊಂದು ಬಣ್ಣ ಕಾಣಿಸಿಕೊಳ್ಳುತ್ತದೆ. ದಕ್ಷಿಣ ಭಾರತದ ಬಂಡೆಗಾಡುಗಳ ಓತಿಯ ಗಂಡಿಗೆ ಸಂತಾನಕಾಲದಲ್ಲಿ ಬೆನ್ನು ಕೆಂಪು, ಪಕ್ಕೆ ಕಡುಗಪ್ಪು. ಹೆಣ್ಣು ಕಲ್ಲಿನ ಬಣ್ಣದ್ದೇ, ಸುಲಭಕ್ಕೆ ಕಾಣದು. ಭಾರತೀಯ ವಿಜ್ಞಾನ ಸಂಸ್ಥೆಯ ಸಂಶೋಧಕರು ಈ ಓತಿಗಳನ್ನು ಗಮನಿಸಿ, ಗಂಡು ಹೆಣ್ಣಿನೆದುರು ತೋರುವ ಬಣ್ಣ ಬೇರೆ, ಎದುರಾಳಿ ಗಂಡಿನ ಮುಂದೆ ತೋರುವ ಬಣ್ಣ ಬೇರೆ ಎಂದು ತೋರಿಸಿದ್ದಾರೆ. ಎದುರಾಳಿ ಬಂದಾಗ ಕೆಂಪು ಬೆನ್ನು ಹಳದಿಗೆ ತಿರುಗುವುದು ಕೆಲವೇ ಕ್ಷಣಗಳ ಕೆಲಸ. ದೂರದಲ್ಲಿ ಅಲುಗಾಡದೆ ಕೂತವರಿಗೆ ಮಾತ್ರ ಇದು ಕಂಡೀತು.

ಇದೇ ಬಂಡೆ ಪೊದೆಗಳಲ್ಲಿ ಹಳದಿ ಕತ್ತಿನ ಪಿಕಳಾರವಿದೆ. ದಕ್ಷಿಣ ಭಾರತದ ಕಲ್ಲುಗುಡ್ಡಗಳನ್ನು ಬಿಟ್ಟು ಜಗತ್ತಿನ ಬೇರೆಲ್ಲೂ ಇಲ್ಲದ, ಅಪಾಯದಂಚಿನ ಪಟ್ಟಿಯಲ್ಲಿರುವ ಹಕ್ಕಿ ಇದು. ದೇವರಾಯನದುರ್ಗ, ಸಾವನದುರ್ಗ, ನಂದಿಬೆಟ್ಟಗಳಂಥ ಜಾಗಗಳೇ ಅದರ ನೆಲೆ. ಬಂಡೆ ಒಡೆದು ಕ್ವಾರಿ ಮಾಡಿದಲ್ಲಿ, ಕುರುಚಲು ಸವರಿದಲ್ಲಿ ಅದಕ್ಕೆ ಹೋಗಲು ಇನ್ನೊಂದು ನಾಡಿಲ್ಲ. ದಟ್ಟ ಹಸಿರಿದ್ದರಷ್ಟೇ ಕಾಡು ಎಂದುಕೊಂಡು ಇಂಥ ಗುಡ್ಡಗಳನ್ನು ಪಾಳುಭೂಮಿ ಎಂದು ಬರೆದುಬಿಡುವುದು ಎಷ್ಟು ದೊಡ್ಡ ನಷ್ಟ ಎಂಬುದನ್ನು ಈ ಹಕ್ಕಿಯೊಂದೇ ಹೇಳಬಲ್ಲದು.

ಚಿತ್ರಕ್ಕಿಂತ ಜೀವ ದೊಡ್ಡದು

ವಸಂತವೆಂದರೆ ಗೂಡಿನ ಕಾಲ. ಗೂಡಿನ ಮುಂದೆ ಅಡ್ಡವಿರುವ ಎಲೆ, ರೆಂಬೆಗಳನ್ನು ಚಿತ್ರಕ್ಕಾಗಿ ಸರಿಸಿದರೆ ಮರಿಗಳಿಗೆ ಬಿಸಿಲು ಬಡಿಯುತ್ತದೆ, ಕಾಗೆಗೆ ದಾರಿ ಸಿಗುತ್ತದೆ. ಮೊಬೈಲಿನಲ್ಲಿ ಹಕ್ಕಿಯ ಧ್ವನಿ ಹಾಕಿ ಕರೆದರೆ ಅದು ಎದುರಾಳಿ ಬಂತೆಂದು ಮೇವು ಬಿಟ್ಟು ಹೋರಾಟಕ್ಕೆ ಬರುತ್ತದೆ. ಇವೆರಡನ್ನೂ ಮಾಡಲೇಬಾರದು. ಅಪರೂಪದ ಜೀವಿಯ ಜಾಗವನ್ನು ಸಾಮಾಜಿಕ ಜಾಲತಾಣದಲ್ಲಿ ಹಾಕದಿರುವುದೂ ಅಷ್ಟೇ ಅಗತ್ಯ. ಹೂವಿನ ಕಾಲದಲ್ಲಿ ಬಂಡೆಗಳ ಮರೆಯಲ್ಲಿ ಹೆಜ್ಜೇನು ಕಟ್ಟಿರುತ್ತದೆ. ಹೊಗೆ, ಕೂಗಾಟ, ಕಲ್ಲೆಸೆತ ಪ್ರಾಣಕ್ಕೇ ಎರವಾಗಬಹುದು.

ದೇವರಾಯನದುರ್ಗದ ಸುತ್ತಲಿನ ಕಾಡಿನಲ್ಲಿ ಚಿರತೆ, ಕರಡಿಗಳಿವೆ. ರಸ್ತೆ, ದೇವಸ್ಥಾನದ ಹಾದಿ, ಇಲಾಖೆ ಗುರುತಿಸಿದ ಜಾಡು ಬಿಟ್ಟು ಒಳಗಿಳಿಯುವುದಕ್ಕೆ ಅನುಮತಿ ಬೇಕು. ಅಭಯಾರಣ್ಯ, ರಾಷ್ಟ್ರೀಯ ಉದ್ಯಾನಗಳಿಗೆ 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ನಿಯಮಗಳು ಬೇರೆಯೇ ಇವೆ. 2024ರ ಜನವರಿಯಲ್ಲಿ ಕುಮಾರ ಪರ್ವತಕ್ಕೆ ಜನ ಒಮ್ಮೆಲೇ ನುಗ್ಗಿದ ಮೇಲೆ ಅರಣ್ಯ ಇಲಾಖೆ ಚಾರಣಗಳಿಗೆ ಆನ್‌ಲೈನ್ ಬುಕಿಂಗ್ ಕಡ್ಡಾಯ ಮಾಡಿತು. ಹೊರಡುವ ಮುನ್ನ ಆಯಾ ಹಾದಿ ತೆರೆದಿದೆಯೇ ಎಂದು ವಿಚಾರಿಸಿಕೊಳ್ಳಬೇಕು. ಬೆಂಕಿಯ ಭಯದಿಂದ ಬೇಸಿಗೆಯಲ್ಲಿ ಪಶ್ಚಿಮಘಟ್ಟದ ಹಲವು ಚಾರಣಗಳನ್ನು ಮುಚ್ಚುತ್ತಾರೆ.

ಒಂದು ಬೀಡಿ ತುಂಡು ಸಾಕು

ಆ ಭಯ ಸುಮ್ಮನೆ ಹುಟ್ಟಿದ್ದಲ್ಲ. ಪಾದ ಮುಳುಗುವ ತರಗೆಲೆ, ಒಣಗಿದ ಹುಲ್ಲು, ನಡುವೆ ಹಬ್ಬಿದ ಲಂಟಾನ ಎಲ್ಲವೂ ಉರಿಯಲು ಸಿದ್ಧವಾಗಿ ನಿಂತಿರುತ್ತವೆ. 2019ರ ಫೆಬ್ರುವರಿಯಲ್ಲಿ ಬಂಡೀಪುರದ ಸಾವಿರಾರು ಎಕರೆ ಕಾಡು ಉರಿದುದನ್ನು ನಾಡು ಮರೆತಿಲ್ಲ. ನಮ್ಮ ಕಾಡುಗಳ ಬೆಂಕಿಯಲ್ಲಿ ಬಹುಪಾಲು ಮನುಷ್ಯರಿಂದ ಹತ್ತಿದ್ದು.

ದೊಡ್ಡ ಮರಗಳ ತೊಗಟೆ ದಪ್ಪ, ನೆಲಬೆಂಕಿಯನ್ನು ಅವು ತಡೆದುಕೊಂಡಾವು. ಅದೇ ವಾರ ಕುಡಿಯೊಡೆದ ಸಸಿ, ತರಗೆಲೆಯಲ್ಲಿ ಮೊಟ್ಟೆಯಿಟ್ಟ ನೆಲಹಕ್ಕಿ, ಮಣ್ಣಿನಂಚಿನ ಕೀಟಗಳಿಗೆ ಆ ಶಕ್ತಿಯಿಲ್ಲ. ವರ್ಷ ವರ್ಷವೂ ಬೆಂಕಿ ಬಿದ್ದ ಕಾಡಿನಲ್ಲಿ ಹಳೆಯ ಮರಗಳು ನಿಂತಿರುತ್ತವೆ, ಅವುಗಳ ಮಕ್ಕಳು ಮಾತ್ರ ಕಾಣುವುದಿಲ್ಲ. ನೀರಿನ ಕೊರತೆ, ಹುಳುಗಳ ಹಾವಳಿ ಎಲ್ಲಕ್ಕೂ ಮರ ಲಕ್ಷಾಂತರ ವರ್ಷಗಳಲ್ಲಿ ಉಪಾಯ ಕಂಡುಕೊಂಡಿದೆ. ನಮ್ಮ ಬೆಂಕಿಪೊಟ್ಟಣಕ್ಕೆ ಉಪಾಯ ಕಂಡುಕೊಂಡಿಲ್ಲ. ಬೆಂಕಿಪೊಟ್ಟಣ, ಬೀಡಿ, ಸಿಗರೇಟು ಮನೆಯಲ್ಲೇ ಇರಲಿ. ಹೊಗೆ ಕಂಡರೆ ಚಿತ್ರ ತೆಗೆಯುವ ಮೊದಲು ಅರಣ್ಯ ಇಲಾಖೆಗೆ ಫೋನ್ ಮಾಡಬೇಕು.

ದಿನಾಂಕವಿರುವ ಚಿತ್ರ

ಇಂಥ ದಿನದ ಚಿತ್ರಗಳು ಮೊಬೈಲಿನಲ್ಲೇ ಕೊಳೆಯಬೇಕಿಲ್ಲ. ಪ್ರತಿ ಚಿತ್ರದ ಜೊತೆಗೂ ದಿನಾಂಕವಿರುತ್ತದೆ, ಜಾಗದ ಗುರುತಿರುತ್ತದೆ. ಈ ಮುತ್ತುಗ ಈ ವರ್ಷ ಯಾವ ವಾರ ಅರಳಿತು, ಈ ಅರಳಿ ಯಾವಾಗ ಚಿಗುರಿತು ಎಂಬುದು ವಿಜ್ಞಾನಕ್ಕೆ ಬೇಕಾದ ಮಾಹಿತಿ. ತಾಪಮಾನ ಏರುತ್ತಿರುವಾಗ, ಮಳೆಯ ಕಾಲ ಅತ್ತಿತ್ತ ಸರಿಯುತ್ತಿರುವಾಗ ಹೂ ಅರಳುವ ಹೊತ್ತೂ ಸೂರಕ್ಕಿ, ದುಂಬಿಗಳ ಹೊತ್ತೂ ಹೊಂದಿಕೊಂಡೇ ಹೋಗುತ್ತವೆಯೇ ಎಂದು ತಿಳಿಯಲು ಇಂಥ ದಾಖಲೆ ವರ್ಷಗಟ್ಟಲೆ, ಊರೂರಿನಿಂದ ಬೇಕು.

ಸೀಸನ್‌ವಾಚ್ ಎಂಬ ಯೋಜನೆ ದೇಶದಾದ್ಯಂತ ಶಾಲಾಮಕ್ಕಳಿಂದ, ಆಸಕ್ತರಿಂದ ಈ ಮಾಹಿತಿಯನ್ನೇ ಸಂಗ್ರಹಿಸುತ್ತಿದೆ. ಒಂದು ಮರವನ್ನು ಆರಿಸಿಕೊಂಡು ವಾರಕ್ಕೊಮ್ಮೆ ಎಲೆ, ಹೂ, ಕಾಯಿಯ ಸ್ಥಿತಿ ಬರೆದು ಕಳಿಸಿದರಾಯಿತು. ಅದಕ್ಕೆ ಕಾಡಿಗೇ ಹೋಗಬೇಕೆಂದಿಲ್ಲ; ಬೀದಿಯ ಹೊಂಗೆ, ಶಾಲೆಯ ಬೇವು ಆದೀತು. ಮೂರು ನಾಲ್ಕು ವರ್ಷ ಒಂದೇ ಮರವನ್ನು ಹೀಗೆ ನೋಡಿದವರಿಗೆ ಎಲೆ ಉದುರಿದ ಮರ ಮತ್ತೆಂದೂ ಸತ್ತ ಮರವಾಗಿ ಕಾಣುವುದಿಲ್ಲ. ಊರಂಚಿನ ಕುರುಚಲು ಕಾಡನ್ನು ಪಾಳೆಂದು ಯಾರಾದರೂ ಹೇಳಿದಾಗ ಅವರು ಸುಮ್ಮನಿರುವುದೂ ಇಲ್ಲ. ನಮ್ಮ ಬಯಲುಸೀಮೆಯ ಗುಡ್ಡಗಳಿಗೆ ಈಗ ಬೇಕಾಗಿರುವುದು ಅಂಥ ಜನ.